ಕತ್ತಿನ ಡಯಾಲಿಸಿಸ್ ಕ್ಯಾಥೆಟರ್ ಮತ್ತು ದೇಹದ ಚಲನೆ: ಹರಿವು ಕುಗ್ಗುವುದೇಕೆ, ಮಾಡಬೇಕಾದ್ದೇನು

ಡಯಾಲಿಸಿಸ್ ಘಟಕದಲ್ಲಿ ಸ್ವಲ್ಪ ಹೊತ್ತು ಕುಳಿತವರಿಗೆ ಕೆಲವು ಮಾತುಗಳು ಪರಿಚಿತವಾಗಿಬಿಡುತ್ತವೆ. ಮಷಿನ್ ಕೂಗುತ್ತದೆ, ಟೆಕ್ನೀಷಿಯನ್ ಬಂದು "ಅಮ್ಮಾ, ತಲೆ ಸ್ವಲ್ಪ ಎಡಕ್ಕೆ ಇಟ್ಕೊಳ್ಳಿ", "ಒಂದ್ಸಲ ಕೆಮ್ಮಿ", "ಬೆಡ್ ಇಳಿಸ್ತೀನಿ, ಹಾಗೇ ಮಲಗಿರಿ" ಎನ್ನುತ್ತಾರೆ, ಕೂಗು ನಿಲ್ಲುತ್ತದೆ. ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಯಾವ ಭಂಗಿಯಲ್ಲಿ ಕ್ಯಾಥೆಟರ್ ಎಂಬ, ರಕ್ತನಾಳದೊಳಗೆ ಇಳಿಸಿದ ಕೊಳವೆಯಲ್ಲಿ ರಕ್ತದ ಹರಿವು ಕುಗ್ಗಿತು, ಯಾವ ಭಂಗಿಯಲ್ಲಿ ಮರಳಿತು ಎಂಬುದನ್ನು ಬರೆದಿಡುವವರು ಕಡಿಮೆ. ಕ್ಯಾಥೆಟರ್‌ಗೆ ಏನಾಗಿದೆ ಎಂಬುದರ ಮೊದಲ ಸುಳಿವು ಸಿಗುವುದು ಅಲ್ಲಿಯೇ. ಭಂಗಿ ಬದಲಿಸಿದ ಕೂಡಲೇ ಸರಿಹೋಗುವ ತೊಂದರೆ ಹೆಚ್ಚಾಗಿ ಕೊಳವೆಯ ಮಡಿಕೆಗೋ ತುದಿಯ ಸ್ಥಾನಕ್ಕೋ ಸಂಬಂಧಿಸಿರುತ್ತದೆ. ಹೇಗೆ ಮಲಗಿದರೂ ಸರಿಹೋಗದೆ ವಾರದಿಂದ ವಾರಕ್ಕೆ ಹೆಚ್ಚುವ ತೊಂದರೆ ಹೆಚ್ಚಾಗಿ ಹೆಪ್ಪುಗಟ್ಟಿದ ರಕ್ತದ್ದೋ ಕೊಳವೆಯ ಸುತ್ತ ಬೆಳೆದ ಪೊರೆಯದ್ದೋ ಆಗಿರುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಈ ಬರಹ ಮುಖ್ಯವಾಗಿ ಕತ್ತಿನ ಮೂಲಕ ಹಾಕಿ ಎದೆಯ ಮೇಲೆ ಹೊರತೆಗೆಯುವ, ಪರ್ಮ್‌ಕ್ಯಾಥ್ ಎಂದು ಎಲ್ಲರೂ ಕರೆಯುವ ದೀರ್ಘಾವಧಿ ಕ್ಯಾಥೆಟರ್‌ ಇರುವವರಿಗಾಗಿ ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರಿಗಾಗಿ. ತೊಡೆಯ ಸಂದಿನ ಕ್ಯಾಥೆಟರ್ ಮತ್ತು ಹೊಟ್ಟೆಯ ಡಯಾಲಿಸಿಸ್ ಕೊಳವೆಯ ಬಗ್ಗೆ ಕೊನೆಯಲ್ಲಿ ಚಿಕ್ಕದಾಗಿ ಹೇಳಲಾಗಿದೆ.

ಮೊದಲು ತಿಳಿದುಕೊಳ್ಳಬೇಕಾದ್ದು: ಒಳಗೆ ಏನು ಸರಿಯುತ್ತದೆ

ಕ್ಯಾಥೆಟರ್ ಸಾಮಾನ್ಯವಾಗಿ ಕತ್ತಿನ ಬಲಭಾಗದ ದೊಡ್ಡ ರಕ್ತನಾಳದ ಮೂಲಕ ಇಳಿದು, ತುದಿ ಹೃದಯದ ಬಲ ಮೇಲ್ಕೋಣೆಯ ಒಳಗೋ ಅದರ ಬಾಗಿಲಲ್ಲೋ ನಿಲ್ಲುತ್ತದೆ. ಬಲಭಾಗವನ್ನೇ ಆಯ್ದುಕೊಳ್ಳಲು ಕಾರಣವಿದೆ. ಅಲ್ಲಿಂದ ಹೃದಯಕ್ಕೆ ದಾರಿ ಬಹುತೇಕ ನೇರವಾಗಿದೆ. ಎಡಭಾಗದಿಂದ ಹೋದರೆ ದಾರಿ ಉದ್ದ, ತಿರುವುಗಳೂ ಹೆಚ್ಚು, ಆದ್ದರಿಂದ ಎಡಗಡೆ ಹಾಕಿಸಿಕೊಂಡವರಲ್ಲಿ ಭಂಗಿಯ ತೊಂದರೆಗಳು ಹೆಚ್ಚಾಗಿ ಕಾಣುತ್ತವೆ. ಕತ್ತಿನಲ್ಲಿ ರಕ್ತನಾಳವನ್ನು ಸೇರುವ ಜಾಗದಿಂದ ಕೊಳವೆಯ ಇನ್ನೊಂದು ಭಾಗ ಬಾಗಿ, ಕೊರಳೆಲುಬನ್ನು ದಾಟಿ, ಚರ್ಮದಡಿಯ ಸುರಂಗದಲ್ಲಿ ಇಳಿದು ಎದೆಯ ಮೇಲೆ ಹೊರಬಂದು, ಕೆಂಪು ಮತ್ತು ನೀಲಿ ಎಂಬ ಎರಡು ಕವಲಾಗುತ್ತದೆ. ಹೊರಬರುವ ರಂಧ್ರಕ್ಕಿಂತ ಸ್ವಲ್ಪ ಒಳಗೆ, ಚರ್ಮದಡಿಯಲ್ಲಿ, ಕೊಳವೆಗೆ ಸುತ್ತಿದ ಬಟ್ಟೆಯಂಥ ಒಂದು ಪಟ್ಟಿ ಇರುತ್ತದೆ. ಅದೇ ಕಫ್. ನಮ್ಮ ಮಾಂಸ ಅದರೊಳಗೆ ಬೆಳೆದು ಕೊಳವೆಯನ್ನು ಹಿಡಿದುಕೊಳ್ಳುತ್ತದೆ.

ಇಷ್ಟು ಮನಸ್ಸಿನಲ್ಲಿದ್ದರೆ ಚಲನೆಯ ಪರಿಣಾಮ ಅರ್ಥವಾಗುತ್ತದೆ. ಕ್ಯಾಥೆಟರ್ ಹಾಕುವಾಗ ರೋಗಿ ಅಂಗಾತ ಮಲಗಿರುತ್ತಾರೆ. ಎದ್ದು ನಿಂತಾಗ ಹೊಟ್ಟೆಯ ಅಂಗಗಳೂ ವಪೆಯೂ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆಳಗೆ ಜಾರುತ್ತವೆ, ಅವುಗಳ ಜೊತೆ ಹೃದಯವೂ ತುಸು ಇಳಿಯುತ್ತದೆ. ಎದೆಯ ಮೇಲಿನ ಚರ್ಮ ಮತ್ತು ಕೊಬ್ಬು ಕೂಡ ತೂಕದಿಂದ ಕೆಳಕ್ಕೆ ಜೋತು, ಹೊರಗಿನಿಂದ ಕೊಳವೆಯನ್ನು ಎಳೆಯುತ್ತವೆ. ಕೊಳವೆ ಕತ್ತಿನಲ್ಲಿ ಬಾಗಿ ತಿರುಗಿರುವುದರಿಂದ ಎದೆಯ ಮೇಲೆ ಕೆಳಕ್ಕೆ ಎಳೆದರೆ ಒಳಗಿನ ತುದಿ ಮೇಲಕ್ಕೆ ಬರುತ್ತದೆ. ಹೀಗೆ ಮಲಗಿದ್ದಾಗ ಇದ್ದ ಜಾಗದಿಂದ ತುದಿ 2-3 ಸೆಂಟಿಮೀಟರ್‌ನಷ್ಟು ಮೇಲೆ ಸರಿಯುವುದು ಸಾಮಾನ್ಯ, ಕೆಲವರಲ್ಲಿ ಇನ್ನೂ ಹೆಚ್ಚು. ಸ್ಥೂಲಕಾಯದವರಲ್ಲಿ ಮತ್ತು ಸ್ತನಭಾರ ಹೆಚ್ಚಿರುವ ಮಹಿಳೆಯರಲ್ಲಿ ಇದು ಎದ್ದು ಕಾಣುತ್ತದೆ. ಅನುಭವಿ ವೈದ್ಯರು ಇದನ್ನು ಲೆಕ್ಕ ಹಾಕಿಯೇ ತುದಿಯನ್ನು ಸ್ವಲ್ಪ ಆಳಕ್ಕೆ ಇಳಿಸುತ್ತಾರೆ, ಹೊರಬರುವ ರಂಧ್ರವನ್ನೂ ಜೋಲುವ ಭಾಗದಿಂದ ದೂರವಿಡುತ್ತಾರೆ.

ತುದಿ ಮೇಲೆ ಬಂದರೆ ತೊಂದರೆ ಏನು? ಹೃದಯದ ಕೋಣೆ ವಿಶಾಲ, ಅದರ ಮೇಲಿನ ರಕ್ತನಾಳ ಇಕ್ಕಟ್ಟು. ಪಂಪು ರಕ್ತವನ್ನು ಜೋರಾಗಿ ಹೀರುವಾಗ, ಕೆರೆಗೆ ಬಿಟ್ಟ ಪಂಪ್‌ಸೆಟ್ಟಿನ ಪೈಪಿನ ಬಾಯಿಗೆ ಎಲೆಯೊಂದು ಬಂದು ಕಚ್ಚಿಕೊಳ್ಳುವ ಹಾಗೆ, ರಕ್ತನಾಳದ ಗೋಡೆಯೇ ಕೊಳವೆಯ ರಂಧ್ರಕ್ಕೆ ಅಂಟಿಕೊಳ್ಳಬಹುದು. ಹೀರುವ ಕೆಂಪು ಕವಲು ಕೈಕೊಡುತ್ತದೆ, ರಕ್ತವನ್ನು ಮರಳಿ ತಳ್ಳುವ ನೀಲಿ ಕವಲು ಏನೂ ಆಗದಂತೆ ನಡೆಯುತ್ತದೆ. ಮೈಯಲ್ಲಿ ನೀರಿನಂಶ ಕಡಿಮೆಯಾಗಿ ಬಿ.ಪಿ. ಇಳಿದಿದ್ದರೆ ರಕ್ತನಾಳ ಇನ್ನಷ್ಟು ಸಪ್ಪಟೆಯಾಗಿ ಇದು ಸುಲಭವಾಗಿ ಆಗುತ್ತದೆ. ಡಯಾಲಿಸಿಸ್‌ನ ಮೂರನೆಯ, ನಾಲ್ಕನೆಯ ಗಂಟೆಯಲ್ಲಿ, ಅಂದರೆ ನೀರು ತೆಗೆದ ಮೇಲೆ, ಅದುವರೆಗೆ ಚೆನ್ನಾಗಿದ್ದ ಹರಿವು ಹದಗೆಡಲು ಇದೂ ಒಂದು ಕಾರಣ.

ಹರಿವು ಕುಗ್ಗಿದರೆ ಆಗುವ ನಷ್ಟವನ್ನು ಲೆಕ್ಕದಲ್ಲಿ ನೋಡಬಹುದು. ನಿಮಿಷಕ್ಕೆ 300 ಮಿಲಿಲೀಟರ್‌ನಂತೆ ನಾಲ್ಕು ಗಂಟೆಯಲ್ಲಿ 72 ಲೀಟರ್ ರಕ್ತ ಫಿಲ್ಟರ್ ಮೂಲಕ ಹಾದುಹೋಗುತ್ತದೆ. 200ಕ್ಕೆ ಇಳಿಸಿದರೆ 48 ಲೀಟರ್ ಮಾತ್ರ. ಶುದ್ಧೀಕರಣ ಅದೇ ಅನುಪಾತದಲ್ಲಿ ಕುಗ್ಗದಿದ್ದರೂ ಕುಗ್ಗುವುದಂತೂ ನಿಜ. ಇನ್ನೊಂದು ಸಂಗತಿಯನ್ನು ರೋಗಿಗಳಿಗೆ ಯಾರೂ ಹೇಳುವುದಿಲ್ಲ: ಹೀರುವ ಒತ್ತಡ ತೀರಾ ಹೆಚ್ಚಾದಾಗ ಪಂಪಿನೊಳಗಿನ ಟ್ಯೂಬು ಪೂರ್ತಿ ತುಂಬಿಕೊಳ್ಳುವುದಿಲ್ಲ, ಹಾಗಾಗಿ ಪರದೆಯ ಮೇಲೆ 300 ಎಂದಿದ್ದರೂ ನಿಜವಾಗಿ ಹರಿಯುವುದು ಅದಕ್ಕಿಂತ ಕಡಿಮೆ. ಆದ್ದರಿಂದ ಪಂಪಿನ ವೇಗವೊಂದನ್ನೇ ನೋಡಿದರೆ ಸಾಲದು, ಅದರ ಪಕ್ಕದ ಆರ್ಟೀರಿಯಲ್ ಪ್ರೆಶರ್ (ಪಂಪು ರಕ್ತ ಹೀರುವ ಒತ್ತಡ) ಸಂಖ್ಯೆಯನ್ನೂ ನೋಡಬೇಕು. ಅದು ಮೈನಸ್‌ನಲ್ಲಿರುತ್ತದೆ, ಮೈನಸ್ 250ನ್ನು ದಾಟಿ ಹೋಗಬಾರದೆಂಬುದು ಬಹುತೇಕ ಘಟಕಗಳು ಪಾಲಿಸುವ ಮಿತಿ.

ಹಂತ 1: ಮೊದಲ ನಾಲ್ಕು ವಾರ ಎಳೆತ ತಪ್ಪಿಸಿ

ಕಫ್‌ನೊಳಗೆ ಮಾಂಸ ಬೆಳೆದು ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ, ಪೌಷ್ಟಿಕತೆ ಕಡಿಮೆ ಇರುವವರಲ್ಲಿ ಇನ್ನೂ ತಡವಾಗಬಹುದು. ಅಲ್ಲಿಯವರೆಗೆ ಕ್ಯಾಥೆಟರ್‌ ಅನ್ನು ಹಿಡಿದಿರುವುದು ಹೊಲಿಗೆ ಮಾತ್ರ. ಹೊಲಿಗೆ ತುರಿಸುತ್ತದೆ, ಎಳೆಯುತ್ತದೆ ಎಂದು ಬೇಗ ಬಿಚ್ಚಿಸಿಕೊಳ್ಳಲು ಒತ್ತಾಯಿಸಬೇಡಿ. ಈ ಅವಧಿಯಲ್ಲಿ ಆ ಬದಿಯ ಕೈಯನ್ನು ಭುಜಕ್ಕಿಂತ ಮೇಲೆತ್ತಿ ಬಲ ಹಾಕುವ ಕೆಲಸ ಬೇಡ. ಅಟ್ಟದ ಮೇಲಿನ ಪಾತ್ರೆ ಇಳಿಸುವುದು, ನೀರಿನ ಕೊಡ ಎತ್ತುವುದು, ಬಾವಿಯಿಂದ ಸೇದುವುದು, ಮಗುವನ್ನು ಆ ಬದಿಯ ಹೆಗಲಿಗೆ ಹಾಕಿಕೊಳ್ಳುವುದು ಇವೆಲ್ಲ ಆ ಪಟ್ಟಿಯಲ್ಲಿ ಸೇರುತ್ತವೆ. ಕೈಯನ್ನು ಅಲುಗಾಡಿಸಲೇಬಾರದು ಎಂದು ಇದರ ಅರ್ಥವಲ್ಲ. ಹೆದರಿ ಭುಜವನ್ನು ತಿಂಗಳುಗಟ್ಟಲೆ ಬಿಗಿಹಿಡಿದವರಿಗೆ ಭುಜದ ಕೀಲು ಪೆಡಸಾಗಿ ಹೊಸ ನೋವು ಶುರುವಾಗುತ್ತದೆ. ತಲೆ ಬಾಚುವುದು, ಊಟ ಮಾಡುವುದು, ನಿಧಾನವಾಗಿ ಕತ್ತು ತಿರುಗಿಸುವುದು ಎಲ್ಲವೂ ಸರಿ.

ಕ್ಯಾಥೆಟರ್ ಹಾಕಿಸಿಕೊಂಡು ಮನೆಗೆ ಬಂದ ದಿನವೇ ಎದೆಯ ಮೇಲೆ ಹೊರಗಿರುವ ಭಾಗ ಎಷ್ಟುದ್ದ ಇದೆ ಎಂದು ಗಮನಿಸಿ, ಡ್ರೆಸ್ಸಿಂಗ್ ಬಿಚ್ಚದೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಅದು ಉದ್ದವಾದಂತೆ ಕಂಡರೆ, ಅಥವಾ ಡ್ರೆಸ್ಸಿಂಗ್ ಬದಲಿಸುವಾಗ ಕಫ್‌ನ ಬಿಳಿ ಪಟ್ಟಿ ರಂಧ್ರದ ಬಾಯಲ್ಲಿ ಇಣುಕಿದರೆ, ಕೊಳವೆ ಹೊರಗೆ ಜಾರಿದೆ ಎಂದರ್ಥ. ಅದನ್ನು ಒಳಗೆ ತಳ್ಳುವ ಪ್ರಯತ್ನವನ್ನು ಯಾರೂ, ಯಾವ ಕಾರಣಕ್ಕೂ ಮಾಡಬಾರದು. ಹೊರಗಿದ್ದ ಭಾಗದ ರೋಗಾಣುಗಳು ನೇರ ರಕ್ತಕ್ಕೆ ಇಳಿಯುತ್ತವೆ. ಅಂದೇ ಘಟಕಕ್ಕೆ ತಿಳಿಸಿ.

ಹಂತ 2: ಮನೆಯಲ್ಲಿ, ದಾರಿಯಲ್ಲಿ

ದಿನನಿತ್ಯದ ಅನಾಹುತಗಳು ದೊಡ್ಡ ಕೆಲಸಗಳಿಂದಲ್ಲ, ಬಟ್ಟೆ ಬದಲಿಸುವಂಥ ಸಣ್ಣ ಕೆಲಸಗಳಿಂದಲೇ ಆಗುವುದು ಹೆಚ್ಚು. ತಲೆಯ ಮೇಲಿಂದ ಎಳೆದು ತೆಗೆಯುವ ಬನಿಯನ್, ಟೀಶರ್ಟ್, ಬಿಗಿಯಾದ ಕುರ್ತಾ ಕೊಳವೆಯ ಕವಲಿಗೆ ಸಿಕ್ಕಿಕೊಂಡು ಸೆಳೆದುಬಿಡುತ್ತವೆ. ಮುಂದೆ ಗುಂಡಿ ಇರುವ ಅಂಗಿ, ಮುಂಭಾಗದಲ್ಲಿ ಹುಕ್ಕು ಇರುವ ಸಡಿಲ ರವಿಕೆ ವಾಸಿ. ಸೆರಗಿನ ಪಿನ್ನನ್ನು ಆ ಬದಿಗೆ ಚುಚ್ಚಬಾರದು. ತಾಳಿಸರ, ದಾರ, ತಾಯಿತ ಕವಲಿನ ಸುತ್ತ ಸುತ್ತಿಕೊಳ್ಳದಂತೆ ನೋಡಬೇಕು. ಹೆಗಲ ಚೀಲ ಇನ್ನೊಂದು ಬದಿಗೆ. ಕಾರಿನ ಸೀಟ್ ಬೆಲ್ಟ್ ಹಾಕಿಕೊಳ್ಳಲೇಬೇಕು, ಆದರೆ ಪಟ್ಟಿ ನೇರವಾಗಿ ರಂಧ್ರದ ಮೇಲೆ ಒತ್ತುವಂತಿದ್ದರೆ ಬೆಲ್ಟು ಇನ್ನೊಂದು ಹೆಗಲಿಂದ ಬರುವ ಬದಿಯ ಸೀಟಿಗೆ ಹೋಗಿ ಕುಳಿತುಕೊಳ್ಳಿ. ಬಸ್ಸಿನಲ್ಲಿ ನಿಂತು ಹೋಗಬೇಕಾದರೆ ಮೇಲಿನ ಕಂಬಿಯನ್ನು ಕ್ಯಾಥೆಟರ್ ಇಲ್ಲದ ಬದಿಯ ಕೈಯಿಂದ ಹಿಡಿಯಿರಿ.

ಹೊರಗಿನ ಕವಲುಗಳು ಜೋತಾಡದಂತೆ ಡ್ರೆಸ್ಸಿಂಗ್‌ನೊಳಗೇ ಒಂದು ಸಡಿಲ ಸುತ್ತು ಕೊಟ್ಟು ಅಂಟಿಸುವಂತೆ ಸಿಸ್ಟರ್‌ಗೆ ಹೇಳಿ. ಹಾಗಿದ್ದರೆ ಎಲ್ಲೋ ಸಿಕ್ಕಿಕೊಂಡಾಗ ಮೊದಲು ಸೆಳೆತ ಬೀಳುವುದು ಆ ಸುತ್ತಿನ ಮೇಲೆ, ರಂಧ್ರದ ಮೇಲಲ್ಲ. ಕವಲುಗಳು ಅವು ಹೊರಬಂದ ದಿಕ್ಕಿನಲ್ಲೇ ಕೆಳಮುಖವಾಗಿರಬೇಕು. ಚಂದ ಕಾಣಲೆಂದು ಮೇಲಕ್ಕೆ ಮಡಚಿ ಅಂಟಿಸಿದರೆ ರಂಧ್ರದ ಬಾಯಲ್ಲೇ ಕೊಳವೆ ಮುರಿದಂತಾಗುತ್ತದೆ.

ಮಲಗುವಾಗ ಅಂಗಾತ ಅಥವಾ ಇನ್ನೊಂದು ಬದಿಗೆ ಮಲಗುವುದು ಒಳ್ಳೆಯದು. ನಿದ್ದೆಯಲ್ಲಿ ಹೊರಳುವ ಅಭ್ಯಾಸವಿದ್ದರೆ ಬೆನ್ನ ಹಿಂದೆ ಒಂದು ದಿಂಬು ಇಟ್ಟುಕೊಳ್ಳಿ. ವ್ಯಾಯಾಮದ ವಿಷಯದಲ್ಲಿ ನಡಿಗೆ ಎಲ್ಲಕ್ಕಿಂತ ಸುರಕ್ಷಿತ. ಸೂರ್ಯ ನಮಸ್ಕಾರ ರೂಢಿಯಿದ್ದವರು ಕೈಗಳನ್ನು ಮೇಲೆತ್ತಿ ಹಿಂದಕ್ಕೆ ಬಾಗುವ ಮತ್ತು ಎದೆಯನ್ನು ನೆಲಕ್ಕೆ ತಾಗಿಸುವ ಭಂಗಿಗಳನ್ನು ಬಿಡಬೇಕು. ದೇವರ ಮುಂದೆ ಉದ್ದಂಡ ಬೀಳುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ, ನಿಂತೇ ಕೈಮುಗಿದರೆ ಸಾಕು. ಈಜು ಬೇಡವೇ ಬೇಡ. ಅಲ್ಲಿ ಚಲನೆಗಿಂತ ನೀರಿನ ಸೋಂಕಿನ ಭಯ ದೊಡ್ಡದು.

ಹಂತ 3: ಮಷಿನ್‌ಗೆ ಜೋಡಿಸುವ ಮೊದಲೇ ಭಂಗಿ ಸರಿಪಡಿಸಿಕೊಳ್ಳಿ

ಮೂತ್ರ ವಿಸರ್ಜನೆ ಮುಗಿಸಿ, ಚಾದರ, ಮೊಬೈಲ್, ಕನ್ನಡಕ ಎಲ್ಲವನ್ನೂ ಕ್ಯಾಥೆಟರ್ ಇಲ್ಲದ ಬದಿಯ ಕೈಗೆ ಸಿಗುವಂತೆ ಇಟ್ಟುಕೊಂಡು ಮಲಗಿ. ನಾಲ್ಕು ಗಂಟೆಯಲ್ಲಿ ಪದೇ ಪದೇ ಹೊರಳಿ ಏನನ್ನಾದರೂ ಎಟುಕಿಸಿಕೊಳ್ಳಲು ಹೋಗುವುದೇ ಅರ್ಧ ಅಲಾರ್ಮ್‌ಗಳಿಗೆ ಕಾರಣ ಎಂದರೆ ಉತ್ಪ್ರೇಕ್ಷೆಯಾಗಲಾರದು. ದಿಂಬು ತೀರಾ ಎತ್ತರವಾಗಿದ್ದರೆ ಗದ್ದ ಎದೆಗೆ ತಾಗಿ ಕತ್ತಿನ ತಿರುವಿನಲ್ಲಿ ಕೊಳವೆ ಹಿಚುಕಿಕೊಳ್ಳಬಹುದು. ತಲೆದಿಂಬನ್ನು ಭುಜದವರೆಗೆ ಎಳೆದುಕೊಂಡು ಕತ್ತು ನೇರವಾಗಿರುವಂತೆ ನೋಡಿಕೊಳ್ಳಿ. ರಕ್ತದ ಲೈನುಗಳನ್ನು ಬಟ್ಟೆಗೋ ಹಾಸಿಗೆಗೋ ಕ್ಲಿಪ್ ಹಾಕಿ ಭದ್ರಪಡಿಸುವಾಗ, ನೀವು ಒಂದು ಗೇಣು ಆಚೀಚೆ ಸರಿದರೂ ಎಳೆಯದಷ್ಟು ಸಡಿಲ ಬಿಟ್ಟಿರಬೇಕು. ಜೋಡಿಸುವ ಮತ್ತು ಬಿಚ್ಚುವ ಹೊತ್ತಿನಲ್ಲಿ ನೀವೂ ಸಿಬ್ಬಂದಿಯೂ ಮಾಸ್ಕ್ ಹಾಕಿರಬೇಕು, ಮುಖ ಇನ್ನೊಂದು ಬದಿಗಿರಬೇಕು, ಮಾತು ಬೇಡ. ಮುಚ್ಚಳ ತೆಗೆಯುವಾಗ ಕ್ಲಾಂಪ್ (ಕವಲನ್ನು ಒತ್ತಿ ಮುಚ್ಚುವ ಕ್ಲಿಪ್) ಹಾಕಿರಲೇಬೇಕು. ಕ್ಲಾಂಪ್ ಬಿಚ್ಚಿದ್ದು, ರೋಗಿ ಕುಳಿತಿದ್ದು, ಆಗಲೇ ದೀರ್ಘವಾಗಿ ಉಸಿರೆಳೆದುಕೊಂಡರೆ ಗಾಳಿ ರಕ್ತನಾಳಕ್ಕೆ ನುಗ್ಗುವ ಅಪಾಯವಿದೆ.

ಹಂತ 4: ಅಲಾರ್ಮ್ ಆದಾಗ ಹೊರಗಿನಿಂದ ಒಳಗೆ ಹುಡುಕಿ

ಈ ಹಂತದಲ್ಲಿ ಅನುಕ್ರಮ ಮುಖ್ಯ. ಏಕೆಂದರೆ ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ. ಒಂದು ಮಾಡಿ, ಅರ್ಧ ನಿಮಿಷ ಪ್ರೆಶರ್ ಸಂಖ್ಯೆ ನೋಡಿ, ಆಮೇಲೆ ಮುಂದಿನದು.

ಮೊದಲು ಕಣ್ಣಿಗೆ ಕಾಣುವ ಭಾಗ: ಕ್ಲಾಂಪ್ ಪೂರ್ತಿ ತೆರೆದಿದೆಯೇ, ಲೈನು ಮೈಯಡಿಗೆ ಸಿಕ್ಕಿದೆಯೇ, ಡ್ರೆಸ್ಸಿಂಗ್‌ನ ಅಂಚಿನಲ್ಲಿ ಮಡಿಕೆ ಬಿದ್ದಿದೆಯೇ. ನಂತರ ಕತ್ತು: ತಲೆಯನ್ನು ಮಧ್ಯಕ್ಕೆ ತಂದು, ಆಮೇಲೆ ನಿಧಾನವಾಗಿ ಕ್ಯಾಥೆಟರ್‌ನ ಎದುರು ಬದಿಗೆ ತಿರುಗಿಸಿ. ಕತ್ತು ತಿರುಗಿಸಿದೊಡನೆ ಹೀರುವಿಕೆ ಮತ್ತು ತಳ್ಳುವಿಕೆ ಎರಡೂ ಸುಧಾರಿಸಿದರೆ ಮಡಿಕೆ ಸುರಂಗದ ಮೇಲ್ತುದಿಯ ತಿರುವಿನಲ್ಲಿದೆ ಎಂಬ ಅನುಮಾನ ಬಲವಾಗುತ್ತದೆ. ಆ ಬದಿಯ ಕೈಯನ್ನು ಮೈಗೆ ಸಮೀಪ ತಂದು ಭುಜ ಸಡಿಲ ಬಿಡಿ. ಬಳಿಕ ಹಾಸಿಗೆಯ ತಲೆಭಾಗ ಇಳಿಸಿ ಪೂರ್ತಿ ಅಂಗಾತ ಮಲಗಿ. ಇದರಿಂದ ತುದಿ ಕೆಳಗಿಳಿಯುತ್ತದೆ, ಎದೆಯ ರಕ್ತನಾಳವೂ ತುಂಬಿಕೊಳ್ಳುತ್ತದೆ. ಹೃದಯದ ತೊಂದರೆಯಿಂದಲೋ ಶ್ವಾಸಕೋಶದಲ್ಲಿ ನೀರು ತುಂಬಿರುವುದರಿಂದಲೋ ಮಲಗಿದರೆ ಉಸಿರು ಕಟ್ಟುವವರಿಗೆ ಇದನ್ನು ಮಾಡಿಸಬಾರದು. ಅವರಲ್ಲಿ ಪಂಪಿನ ವೇಗ ಇಳಿಸಿ ವೈದ್ಯರನ್ನು ಕೇಳುವುದೇ ಸರಿ. ಅಂಗಾತ ಮಲಗಿಯೂ ಸರಿಹೋಗದಿದ್ದರೆ ಒಂದೆರಡು ಬಾರಿ ಕೆಮ್ಮಿ. ಕೆಮ್ಮಿನಿಂದ ಎದೆಯೊಳಗಿನ ಒತ್ತಡ ಒಮ್ಮೆಲೇ ಏರಿ, ಗೋಡೆಗೆ ಅಂಟಿದ ತುದಿ ಬಿಡಿಸಿಕೊಳ್ಳುವ ಸಾಧ್ಯತೆ ಇದೆ. ಕೊನೆಗೆ ಎಡಮಗ್ಗುಲು, ಬಲಮಗ್ಗುಲು ನೋಡಿ.

ಇದೇ ಹೊತ್ತಿಗೆ ಸಿಬ್ಬಂದಿ ಬಿ.ಪಿ. ನೋಡಬೇಕು. ಬಿ.ಪಿ. ಇಳಿದಿದ್ದರೆ ಭಂಗಿಯ ಪ್ರಯೋಗಗಳಿಗಿಂತ ನೀರು ತೆಗೆಯುವುದನ್ನು ತಾತ್ಕಾಲಿಕವಾಗಿ ನಿಲ್ಲಿಸುವುದರಿಂದಲೇ ಹರಿವು ಮರಳಬಹುದು. ಸಲೈನ್ ಹಾಕಿ ಫ್ಲಶ್ ಮಾಡುವುದು ಅವರ ಕೆಲಸ, ಮನೆಯವರು ಸಿರಿಂಜ್ ಮುಟ್ಟುವ ಹಾಗಿಲ್ಲ. ಕೆಂಪು ನೀಲಿ ಲೈನುಗಳನ್ನು ಅದಲುಬದಲು ಮಾಡುವ ಉಪಾಯ ಎಲ್ಲಕ್ಕಿಂತ ಕೊನೆಗೆ ಬರಬೇಕು, ಆದರೆ ಕೆಲಸ ಬೇಗ ಮುಗಿಯಲೆಂದು ಹಲವೆಡೆ ಮೊದಲಿಗೇ ಮಾಡುತ್ತಾರೆ. ಹಾಗೆ ಮಾಡಿದಾಗ ಅಲಾರ್ಮ್ ನಿಲ್ಲುವುದೇನೋ ನಿಜ. ಆದರೆ ಎರಡು ತುದಿಗಳು ಮೇಲೆ ಕೆಳಗೆ ಇರುವ ಕ್ಯಾಥೆಟರ್‌ಗಳಲ್ಲಿ, ಶುದ್ಧವಾಗಿ ಹಿಂತಿರುಗಿದ ರಕ್ತದ ಒಂದು ಭಾಗವನ್ನೇ ಮಷಿನ್ ಮತ್ತೆ ಹೀರಿಕೊಳ್ಳುತ್ತದೆ. ನಾಲ್ಕು ಗಂಟೆ ಪೂರ್ತಿ ನಡೆದ ಡಯಾಲಿಸಿಸ್‌ನ ಫಲ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಒಂದು ದಿನಕ್ಕೆ ಸರಿ, ಪ್ರತಿ ಸಲವೂ ಅದೇ ಆದರೆ ಕೇಳಿ.

ಹಂತ 5: ಬರೆದಿಡಿ

ಡಯಾಲಿಸಿಸ್ ಪುಸ್ತಕದ ಅಂಚಿನಲ್ಲೇ ಆಗಲಿ, ಬೇರೆ ನೋಟ್‌ಬುಕ್ಕಿನಲ್ಲೇ ಆಗಲಿ, ಒಂದು ಸಾಲು ಸಾಕು. ಉದಾಹರಣೆಗೆ: "ಮಂಗಳವಾರ. ಎರಡನೇ ಗಂಟೆ. ತಲೆ ಎತ್ತರಿಸಿ ಕುಳಿತಾಗ ಪಂಪ್ 250, ಆರ್ಟೀರಿಯಲ್ ಮೈನಸ್ 260. ಅಂಗಾತ ಮಲಗಿದ ಮೇಲೆ ಪಂಪ್ 300, ಮೈನಸ್ 180. ಬಿ.ಪಿ. 130/80. ಲೈನ್ ಅದಲುಬದಲು ಮಾಡಿಲ್ಲ." ಈ ಸಾಲನ್ನು ಓದಿದ ವೈದ್ಯರಿಗೆ ಬಿ.ಪಿ. ಇಳಿದಿದ್ದರಿಂದ ಆದದ್ದಲ್ಲ, ಹೆಪ್ಪುಗಟ್ಟಿ ಮುಚ್ಚಿಕೊಂಡದ್ದೂ ಇರಲಿಕ್ಕಿಲ್ಲ, ಕುಳಿತಾಗ ತುದಿ ಮೇಲೆ ಸರಿಯುತ್ತಿದೆ ಎಂದು ಊಹಿಸಲು ಸಾಧ್ಯ. "ಲೈನ್ ಸರಿಯಿಲ್ಲ, ಅಡ್ಜಸ್ಟ್ ಮಾಡಿದೆವು" ಎಂದು ಬರೆದರೆ ಇದಾವುದೂ ತಿಳಿಯುವುದಿಲ್ಲ. ಸತತ ಎರಡು ಮೂರು ಸಲ ಇದೇ ಬಗೆ ಕಂಡುಬಂದರೆ ಮುಂದಿನ ತಪಾಸಣೆಯವರೆಗೆ ಕಾಯದೆ ತೋರಿಸಿ.

ಹಂತ 6: ವೈದ್ಯರ ಬಳಿ ಏನು ನಡೆಯುತ್ತದೆ

ಸಾಮಾನ್ಯವಾಗಿ ಮೊದಲು ಎದೆಯ ಎಕ್ಸ್‌-ರೇ. ಭಂಗಿಯ ಅನುಮಾನವಿದ್ದಾಗ ಮಲಗಿ ಒಂದು, ನಿಂತು ಅಥವಾ ಕುಳಿತು ಒಂದು ತೆಗೆಸಿದರೆ ತುದಿ ಎಷ್ಟು ಸರಿಯುತ್ತದೆ, ಮಡಿಕೆ ಎಲ್ಲಿದೆ ಎಂಬುದು ಕಾಣುತ್ತದೆ. ಹಾಕಿದ ಮೊದಲ ದಿನಗಳಲ್ಲೇ ತೊಂದರೆ ಶುರುವಾಗಿದ್ದರೆ ಮಡಿಕೆ, ಬಿಗಿಯಾದ ಹೊಲಿಗೆ ಅಥವಾ ತುದಿಯ ತಪ್ಪು ಸ್ಥಾನ ಕಾರಣವಾಗಿರುವುದು ಹೆಚ್ಚು. ಅದಕ್ಕೆ ಔಷಧವಿಲ್ಲ, ಸ್ಥಾನ ಸರಿಪಡಿಸಬೇಕು ಅಥವಾ ಹಳೆಯದರೊಳಗೆ ತೂರಿಸಿದ ತಂತಿಯ ಮೇಲೆ ಹೊಸ ಕ್ಯಾಥೆಟರ್ ಏರಿಸಬೇಕು. ತಿಂಗಳುಗಟ್ಟಲೆ ಚೆನ್ನಾಗಿ ನಡೆದು ನಿಧಾನವಾಗಿ ಹದಗೆಟ್ಟಿದ್ದರೆ, ಕೊಳವೆಯ ಸುತ್ತ ಫೈಬ್ರಿನ್ (ರಕ್ತ ಹೆಪ್ಪುಗಟ್ಟುವಾಗ ಉಂಟಾಗುವ ನಾರಿನಂಥ ಪ್ರೋಟೀನ್) ಪೊರೆ ಬೆಳೆದಿರಬಹುದು. ಅದು ಒಳಗೆ ತಳ್ಳುವ ರಕ್ತಕ್ಕೆ ದಾರಿ ಬಿಟ್ಟು, ಹೀರುವಾಗ ಮುಚ್ಚಿಕೊಳ್ಳುತ್ತದೆ. ಇಂಥಲ್ಲಿ ಹೆಪ್ಪು ಕರಗಿಸುವ ಔಷಧವನ್ನು ಕೊಳವೆಯೊಳಗೆ ತುಂಬಿ ಬಿಡುತ್ತಾರೆ. ಫಲಿಸದಿದ್ದರೆ ಬದಲಿಸುತ್ತಾರೆ. ಎಕ್ಸ್‌-ರೇ ಮಾಡಿಸದೆ, ಮಡಿಕೆ ಇದೆಯೇ ಎಂದು ನೋಡದೆ ದುಬಾರಿ ಔಷಧವನ್ನು ಮೊದಲೇ ಹಾಕಿಸುವುದು ದುಡ್ಡಿಗೂ ದಂಡ, ಸಮಯಕ್ಕೂ ದಂಡ.

ತೊಡೆಯ ಸಂದಿನ ಕ್ಯಾಥೆಟರ್ ಇದ್ದರೆ

ತುರ್ತಿನಲ್ಲಿ ತೊಡೆಯ ಸಂದಿಗೆ ಹಾಕುವ ತಾತ್ಕಾಲಿಕ ಕ್ಯಾಥೆಟರ್‌ಗೆ ಕಫ್ ಇರುವುದಿಲ್ಲ, ಹೊಲಿಗೆಯೇ ಗತಿ. ಸೊಂಟ ಮಡಿಸಿದಷ್ಟೂ ಕೊಳವೆ ಮಡಚಿಕೊಳ್ಳುತ್ತದೆ. ಹಾಸಿಗೆಯ ತಲೆಭಾಗವನ್ನು 30-45 ಡಿಗ್ರಿಗಿಂತ ಎತ್ತರಿಸಬಾರದು, ಆ ಕಾಲು ನೇರವಾಗಿರಬೇಕು. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಎರಡೂ ನಿಷಿದ್ಧ. ಶೌಚಕ್ಕೆ ಬೆಡ್‌ಪ್ಯಾನ್ ಕೇಳಲು ಸಂಕೋಚ ಬೇಡ. ಇದು ಕೆಲವೇ ದಿನಗಳ ಏರ್ಪಾಡು, ಇದನ್ನಿಟ್ಟುಕೊಂಡು ಊರಿಗೆ ಹೋಗುವ ಯೋಚನೆ ಮಾಡಬಾರದು.

ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುವವರಲ್ಲಿ ಚಲನೆ ಬಹುಮಟ್ಟಿಗೆ ಮಿತ್ರನೇ. ದ್ರವ ಹೊರಗೆ ಬರುವುದು ನಿಧಾನವಾದರೆ ಮಗ್ಗುಲು ಬದಲಿಸಿ, ಎದ್ದು ನಿಂತು, ನಾಲ್ಕು ಹೆಜ್ಜೆ ನಡೆದು ನೋಡುವುದು ವಾಡಿಕೆ. ಅಲ್ಲಿ ಹೆಚ್ಚಿನ ಸಲ ಅಪರಾಧಿ ಮಲಬದ್ಧತೆ: ತುಂಬಿದ ಕರುಳು ಕೊಳವೆಯನ್ನು ಒತ್ತುತ್ತದೆ ಅಥವಾ ಕಿಬ್ಬೊಟ್ಟೆಯಿಂದ ಮೇಲಕ್ಕೆ ತಳ್ಳುತ್ತದೆ. ಹೊಸದಾಗಿ ಕೊಳವೆ ಹಾಕಿಸಿಕೊಂಡ ವಾರಗಳಲ್ಲಿ ಮಾತ್ರ ಭಾರ ಎತ್ತುವುದು, ತಿಣುಕುವುದು ಕೂಡದು. ದ್ರವ ರಂಧ್ರದ ಸುತ್ತ ಸೋರುತ್ತದೆ.

ತಡಮಾಡಬಾರದ ಸಂದರ್ಭಗಳು

ಕತ್ತಿನ ಕ್ಯಾಥೆಟರ್ ಕಿತ್ತು ಬಂದರೆ ಮಲಗಿಸಿ, ಶುಭ್ರವಾದ ಗಾಜ್ ಪಟ್ಟಿ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಅಥವಾ ಒಗೆದ ಬಟ್ಟೆಯಿಂದ ಎದೆಯ ರಂಧ್ರವನ್ನೂ, ಕೊರಳೆಲುಬಿನ ಮೇಲೆ ಕೊಳವೆ ರಕ್ತನಾಳ ಸೇರುತ್ತಿದ್ದ ಕತ್ತಿನ ಜಾಗವನ್ನೂ ಬಿಡದೆ ಒತ್ತಿಹಿಡಿದು ಆಸ್ಪತ್ರೆಗೆ ಹೊರಡಿ. ಎರಡನೆಯ ಜಾಗವನ್ನು ಬಹಳ ಮಂದಿ ಮರೆಯುತ್ತಾರೆ, ರಕ್ತ ಬರುವುದು ಅಲ್ಲಿಂದಲೇ. ಮುಚ್ಚಳ ಬಿದ್ದುಹೋದರೆ ಅಥವಾ ಕವಲು ಸೀಳಿದರೆ ಕ್ಲಾಂಪ್ ಹಾಕಿ. ಕ್ಲಾಂಪ್‌ಗಿಂತ ಒಳಗೆ ಸೀಳಿದ್ದರೆ ಮೈಗೆ ಹತ್ತಿರವಾಗಿ ಕೊಳವೆಯನ್ನು ಬೆರಳಲ್ಲಿ ಮಡಚಿ ಹಿಡಿಯಿರಿ. ಆಗ ಒಮ್ಮೆಲೇ ಉಸಿರಾಟ ಕಷ್ಟವಾದರೆ, ಎದೆನೋವು ಬಂದರೆ ಗಾಳಿ ಹೊಕ್ಕಿರಬಹುದು. ಎಡಮಗ್ಗುಲಿಗೆ, ತಲೆ ತಗ್ಗಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಚಳಿ ನಡುಕದ ಜ್ವರ, ಅದರಲ್ಲೂ ಡಯಾಲಿಸಿಸ್ ಶುರುವಾದ ಮೇಲೆ ಬಂದರೆ, ಅದನ್ನು ಮಾತ್ರೆ ನುಂಗಿ ಕಳೆಯುವಂತಿಲ್ಲ.

ಕೈಯ ಫಿಸ್ಟುಲಾ (ಡಯಾಲಿಸಿಸ್ಗಾಗಿ ಕೈಯ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವುದು) ಆಪರೇಷನ್ ಮಾಡಿಸಿಕೊಂಡು ಅದು ಬಲಿಯುವವರೆಗೆ ಕ್ಯಾಥೆಟರ್‌ನಲ್ಲಿ ನಡೆಸುತ್ತಿರುವವರು, ಗಾಯ ಮಾಗಿ ವೈದ್ಯರು ಹೇಳಿದ ದಿನದಿಂದ, ಸ್ಪಂಜಿನ ಚೆಂಡು ಹಿಸುಕುವ ವ್ಯಾಯಾಮವನ್ನು ಡಯಾಲಿಸಿಸ್ ನಡೆಯುವಾಗಲೂ ಮಾಡಬಹುದು. ಭುಜ ಅಲುಗದೆ ಮುಂಗೈ ಮಾತ್ರ ಕೆಲಸ ಮಾಡುವುದರಿಂದ ಕತ್ತಿನ ಕ್ಯಾಥೆಟರ್‌ನ ಹರಿವಿಗೆ ಅದರಿಂದ ಏನೂ ತೊಂದರೆಯಾಗುವುದಿಲ್ಲ. ಮಲಗಿದಲ್ಲೇ ಪಾದ ಆಡಿಸುವುದಕ್ಕೂ, ಸೌಲಭ್ಯವಿರುವ ಕಡೆ ಹಾಸಿಗೆಯ ಪೆಡಲ್ ತುಳಿಯುವುದಕ್ಕೂ ಅಡ್ಡಿಯಿಲ್ಲ, ಬಿ.ಪಿ. ಇಳಿಯುವ ಕೊನೆಯ ಗಂಟೆಗಿಂತ ಮೊದಲೆರಡು ಗಂಟೆಗಳಲ್ಲಿ ಮಾಡುವುದು ಲೇಸು.